ಬಿಸಿ ಕಾಳನ್ನು ಡ್ರಮ್ಮಿಗೆ ಸುರಿಯಬೇಡಿ

ಶಿರಾ ಕಡೆಯ ಒಂದು ಹಳ್ಳಿ. ಮನೆಯಾಕೆ ನೀಲಿ ಡ್ರಮ್ಮಿನ ಮುಚ್ಚಳ ತಿರುಗಿಸಿ ತೆಗೆದರು. "ಕೈ ಹಾಕಿ ನೋಡಿ ಮೇಡಂ" ಅಂದರು. ಮೊಣಕೈವರೆಗೂ ಇಳಿಸಿದೆ. ಒಳಗೆ ಬೆಚ್ಚಗಿತ್ತು. ಜ್ವರ ಬಂದ ಮಗುವಿನ ಕಂಕುಳಲ್ಲಿ ಕೈ ಇಟ್ಟ ಹಾಗೆ. ಕೈ ಹೊರಗೆ ತೆಗೆದರೆ ಬೆರಳಿಗೆಲ್ಲ ಹಿಟ್ಟು, ಮುಗ್ಗಲು ವಾಸನೆ, ಅಂಗೈ ಮೇಲೆ ನಾಲ್ಕೈದು ಕಂದು ಹುಳ. 60 ಕೆಜಿ ತೊಗರಿ. ಅದರಲ್ಲಿ ಅರ್ಧ ಸ್ವಂತ ಹೊಲದ್ದು, ಉಳಿದರ್ಧ ಸಂಘದಲ್ಲಿ ಸಾಲ ತೆಗೆದು ಕೊಂಡದ್ದು. ಗಂಡನಿಗೆ ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸ ಹೋಗಬಹುದು ಅಂತ ಸುಳಿವು ಸಿಕ್ಕ ವಾರವೇ ಆಕೆ ಡ್ರಮ್ಮು ತುಂಬಿಸಿದ್ದರು. ಹಣ ಇಲ್ಲದಿದ್ದರೂ ಮಕ್ಕಳು ಅನ್ನ ಸಾರು ಉಣ್ಣಲಿ ಅಂತ. ಕಷ್ಟಕ್ಕೆ ಅಂತ ಕೂಡಿಡುವ ಆ ಯೋಚನೆಯಲ್ಲಿ ತಪ್ಪಿರಲಿಲ್ಲ. ಒಣಗಿಸುವುದರಲ್ಲೂ ಇರಲಿಲ್ಲ, ಎರಡು ದಿನ ಒಳ್ಳೆ ಬಿಸಿಲಿಗೆ ಹಾಕಿದ್ದರು. ತಪ್ಪಾಗಿದ್ದು ಎರಡನೇ ದಿನ ಮಧ್ಯಾಹ್ನ ಮೂರು ಗಂಟೆಗೆ. ಬಿಸಿಲಲ್ಲಿ ಕಾದ ಕಾಳನ್ನು ಹಾಗೇ ಮೊರದಲ್ಲಿ ಎತ್ತಿ ಡ್ರಮ್ಮಿಗೆ ಸುರಿದು, ಮುಚ್ಚಳ ಬಿಗಿ ಮಾಡಿಬಿಟ್ಟಿದ್ದರು.

ಇಪ್ಪತ್ತು ವರ್ಷದ ಮೇಲಾಯಿತು, ಹಳ್ಳಿಗಳಲ್ಲಿ ಧಾನ್ಯ ಕಾಪಾಡುವುದರ ಬಗ್ಗೆ ಹೆಣ್ಣುಮಕ್ಕಳಿಗೆ ತರಬೇತಿ ಕೊಡುತ್ತಾ ಬಂದಿದ್ದೇನೆ. ಕಷ್ಟದ ವರ್ಷ ಬಂದಾಗೆಲ್ಲ ನನ್ನ ಫೋನು ಜಾಸ್ತಿ ಹೊಡೆದುಕೊಳ್ಳುತ್ತದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಹೀಗೇ ಆಯಿತು. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದಾಗಲೂ ಹೀಗೇ. ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಎಷ್ಟು ತುಂಬಿಸಿಡಬೇಕು? ಹುಳ ಬರದ ಹಾಗೆ ಯಾವ ಪುಡಿ ಹಾಕಬೇಕು? ಎಷ್ಟು ಒಣಗಿರಬೇಕು ಅಂತ ಕೇಳಿದವರನ್ನು ನಾನು ಬೆರಳಲ್ಲಿ ಎಣಿಸಬಹುದು. ಬೇಜಾರಾಗುತ್ತದೆ, ಯಾಕೆಂದರೆ ಉಳಿದೆಲ್ಲ ಸರಿ ಮಾಡಿ ಈ ಒಂದರಲ್ಲಿ ಎಡವಿದವರ ಮನೆಯಲ್ಲೇ ನಾನು ಹೆಚ್ಚು ಕಾಳು ಹಾಳಾದದ್ದು ನೋಡಿದ್ದೇನೆ.

ಕಾಳು ಅಂದರೆ ಕಲ್ಲಲ್ಲ, ಜೀವ ಇರುವ ಬೀಜ. ಅದು ಉಸಿರಾಡುತ್ತದೆ. ಚೆನ್ನಾಗಿ ಒಣಗಿದ್ದರೆ ನಿದ್ದೆಯಲ್ಲಿರುವವರ ಹಾಗೆ ನಿಧಾನಕ್ಕೆ ಉಸಿರಾಡುತ್ತದೆ. ತೇವ ಇದ್ದರೆ ಏದುಸಿರು. ಉಸಿರಾಡಿದಷ್ಟೂ ಶಾಖ ಹುಟ್ಟುತ್ತದೆ, ನೀರಿನ ಆವಿ ಹುಟ್ಟುತ್ತದೆ. ಹಳೇ ಮೈಸೂರು ಸೀಮೆಯಲ್ಲಿ ರಾಗಿ ಇಡುತ್ತಿದ್ದ ಹಗೇವು, ನೆಲದೊಳಗಿನ ಗುಂಡಿ, ಗೊತ್ತಲ್ವಾ? ಅದರ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಅಂತ. ರಾಗಿಯೇ ಉಸಿರಾಡಿ ಗುಂಡಿಯೊಳಗಿನ ಒಳ್ಳೆ ಗಾಳಿ ಮುಗಿಸಿರುತ್ತಿತ್ತು. ಅವಸರದಲ್ಲಿ ಇಳಿದು ಜೀವ ಕಳಕೊಂಡವರ ಕಥೆಗಳು ನಮ್ಮ ಕಡೆ ಇವೆ.

ಗಾಳಿಯಾಡದ ಜಾಗದಲ್ಲಿ ಹುಳ ಉಸಿರುಕಟ್ಟಿ ಸಾಯುತ್ತದೆ, ನಿಜ. ಈಗ ಸಿಗುವ ಮೂರು ಪದರದ ಚೀಲಗಳು, ಒಳಗೆ ಎರಡು ಪ್ಲಾಸ್ಟಿಕ್, ಹೊರಗೆ ನೇಯ್ದ ಚೀಲ, ಕೆಲಸ ಮಾಡುವುದು ಇದೇ ಲೆಕ್ಕದಲ್ಲಿ. ಆದರೆ ಮುಚ್ಚಳ ಹೊರಗಿನ ಗಾಳಿಯನ್ನು ಹೇಗೆ ತಡೆಯುತ್ತದೋ ಒಳಗಿನ ತೇವವನ್ನೂ ಹಾಗೇ ತಡೆಯುತ್ತದೆ. ಗೋಣಿಚೀಲದಲ್ಲಿದ್ದ ಹಸಿ ಕಾಳಿಗೆ ಆರಲು ಒಂದು ದಾರಿಯಾದರೂ ಇತ್ತು. ಡ್ರಮ್ಮಿನಲ್ಲಿ ಅದೂ ಇಲ್ಲ.

ಬಿಸಿ ಕಾಳು ತುಂಬಿದಾಗ ಆಗುವುದು ಇದು. ಹಗಲು ಒಳಗೆಲ್ಲ ಬೆಚ್ಚಗಿನ ಆವಿ. ರಾತ್ರಿ ಡ್ರಮ್ಮಿನ ಗೋಡೆ, ಮುಚ್ಚಳ ತಣ್ಣಗಾಗುತ್ತವೆ. ಆ ಆವಿ ಮುಚ್ಚಳದ ಒಳಮೈಗೆ ತಾಗಿ ಹನಿಯಾಗುತ್ತದೆ. ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿ, ಆಮೇಲೆ ತಟ್ಟೆ ತೆಗೆದರೆ ನೀರು ತೊಟ್ಟಿಕ್ಕುತ್ತದಲ್ಲ, ಅದೇ. ಹನಿ ಕೆಳಗೆ ಬೀಳುವುದು ಮೇಲಿನ ಪದರದ ಕಾಳಿನ ಮೇಲೆ. ಅಲ್ಲಿ ಬೂಷ್ಟು ಶುರು. ಅಷ್ಟು ಹೊತ್ತಿಗೆ ಆ ಕಾಳು ಮತ್ತೆ ಏದುಸಿರು ಬಿಡುತ್ತಿರುತ್ತದೆ, ಇನ್ನಷ್ಟು ಶಾಖ, ಇನ್ನಷ್ಟು ಆವಿ. ಮೊದಲೇ ಒಳಗಿದ್ದ ಹುಳಕ್ಕೆ ಬೇಕಾದದ್ದೂ ಇಂಥ ಬೆಚ್ಚನೆ ತೇವವೇ. ಶಿರಾದ ಆ ಡ್ರಮ್ಮು ಬೆಚ್ಚಗಿದ್ದದ್ದು ಬಿಸಿಲಿಂದಲ್ಲ. ಆ ಬಿಸಿಲಿಗೆ ಆಗಲೇ ಎರಡು ತಿಂಗಳಾಗಿತ್ತು. ಒಳಗಿನ ಬೂಷ್ಟು, ಹುಳ ಸೇರಿ ಹುಟ್ಟಿಸಿದ ಶಾಖ ಅದು.

"ಮುಚ್ಚಳ ಹಾಕಿದ ಮೇಲೆ ಹುಳ ಎಲ್ಲಿಂದ ಬಂತು ಮೇಡಂ?" ಅಂತ ಆಕೆ ಕೇಳಿದರು. ಎಲ್ಲರೂ ಕೇಳುತ್ತಾರೆ. ಹೊರಗಿಂದ ಬರಬೇಕಾಗಿಲ್ಲ ಅಮ್ಮ. ತೊಗರಿ, ಅಲಸಂದೆ, ಹೆಸರು, ಕಡಲೆ ತಿನ್ನುವ ಹುಳ ಹೊಲದಲ್ಲೇ ಕಾಯಿ ಮೇಲೆ ಮೊಟ್ಟೆ ಇಟ್ಟಿರುತ್ತದೆ. ಕಾಳನ್ನು ಬೆಳಕಿಗೆ ಹಿಡಿದು ನೋಡಿ. ಸಿಪ್ಪೆ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಅಂಟಿಕೊಂಡಿದ್ದರೆ ಅದೇ ಮೊಟ್ಟೆ. ನಮ್ಮ ಸೆಕೆಯಲ್ಲಿ ಅದು ಹುಳವಾಗಿ ಹೊರಬರಲು ಸುಮಾರು ಒಂದು ತಿಂಗಳು ಸಾಕು. ಬೇಳೆ ಒಡೆಸಿಟ್ಟರೆ ಈ ಹುಳದ ಕಾಟ ಬಹಳ ಕಡಿಮೆ, ಯಾಕೆಂದರೆ ಅದಕ್ಕೆ ಬೇಕಾದದ್ದು ಇಡೀ ಕಾಳು. ಮಿಲ್ಲು ಹತ್ತಿರ ಇದ್ದವರು ತಿನ್ನಲು ಇಡುವ ತೊಗರಿಯನ್ನು ಬೇಳೆ ಮಾಡಿಸಿಯೇ ಇಡಿ.

ಸರಿ, ಒಣಗಿದೆಯೋ ಇಲ್ಲವೋ ಹೇಗೆ ತಿಳಿಯುವುದು? ರಾಗಿ, ಜೋಳ, ಭತ್ತದಲ್ಲಿ ತೇವ ನೂರಕ್ಕೆ 12ರ ಆಸುಪಾಸು ಇರಬೇಕು. ಬೇಳೆಕಾಳಿಗೆ 9–10. ಶೇಂಗಾಕ್ಕೆ ಇನ್ನೂ ಕಡಿಮೆ, 7–8. ಇದನ್ನು ಅಳೆಯುವ ಮೀಟರು ಮನೆಯಲ್ಲಿ ಇರುವುದಿಲ್ಲ. ನಾನು ಹೇಳಿಕೊಡುವುದು ಉಪ್ಪಿನ ಬಾಟಲಿ. ಒಂದು ಗಾಜಿನ ಬಾಟಲಿ, ಪೂರ್ತಿ ಒಣಗಿರಬೇಕು. ಒಂದೆರಡು ಚಮಚ ಪುಡಿ ಉಪ್ಪನ್ನು ಬಾಣಲೆಯಲ್ಲಿ ಬಿಸಿ ಮಾಡಿ ಆರಿಸಿಕೊಳ್ಳಿ. ಉಪ್ಪೇ ಒದ್ದೆ ಇದ್ದರೆ ಪರೀಕ್ಷೆ ಸುಳ್ಳಾಗುತ್ತದೆ. ಬಾಟಲಿಯ ಮೂರನೇ ಒಂದು ಭಾಗ ಕಾಳು, ಅದರ ಮೇಲೆ ಉಪ್ಪು. ಮುಚ್ಚಳ ಹಾಕಿ ಒಂದು ನಿಮಿಷ ಚೆನ್ನಾಗಿ ಅಲುಗಾಡಿಸಿ. ಕಾಲು ಗಂಟೆ ಸುಮ್ನೆ ಇಡಿ. ಆಮೇಲೆ ಬಾಟಲಿಯ ಗೋಡೆ ನೋಡಿ. ಉಪ್ಪು ಗಾಜಿಗೆ ಅಂಟಿಕೊಂಡಿದ್ದರೆ ತೇವ 15ಕ್ಕಿಂತ ಜಾಸ್ತಿ ಇದೆ, ಯಾವ ಕಾರಣಕ್ಕೂ ತುಂಬಬೇಡಿ. ಉಪ್ಪು ಕೆಳಗೆ ಬಿದ್ದಿದ್ದರೆ 15ಕ್ಕಿಂತ ಕಡಿಮೆ ಅಂತ ಅಷ್ಟೇ ಅರ್ಥ. 10 ಇದೆ ಅಂತ ಅಲ್ಲ. ಹಾಗಾಗಿ ಬೇಳೆಕಾಳಿಗೆ ಉಪ್ಪು ಅಂಟದಿದ್ದರೂ ಇನ್ನೂ ಒಂದೆರಡು ಬಿಸಿಲು ಕೊಡಿ, ಹಲ್ಲಲ್ಲಿ ಕಚ್ಚಿ ನೋಡಿ. ಟಕ್ ಅಂತ ಒಡೆಯಬೇಕು. ಹಲ್ಲಿನ ಗುರುತು ಬಿದ್ದು ಚಪ್ಪಟೆಯಾದರೆ ಇನ್ನೂ ಆಗಿಲ್ಲ.

ಒಂದು ಅಂಗುಲಕ್ಕಿಂತ ದಪ್ಪ ಹರಡಬೇಡಿ. ನಡುನಡುವೆ ಕೈಯಾಡಿಸಿ. ಬಿಸಿಲು ಇಳಿಯುವ ಮುಂಚೆ ಮನೆಯೊಳಗೆ ತಂದು ನೆರಳಲ್ಲಿ ಹರಡಿ, ಮೇಲೆ ತೆಳು ಬಟ್ಟೆ ಹಾಕಿ, ಪೂರ್ತಿ ತಣ್ಣಗಾಗುವವರೆಗೆ ಬಿಡಿ. ಅಂಗಳದಲ್ಲಿ ಬಿಟ್ಟರೆ ರಾತ್ರಿ ಇಬ್ಬನಿ ಕುಡಿದು ಹಗಲು ಒಣಗಿಸಿದ್ದೆಲ್ಲ ವ್ಯರ್ಥ. ಮುಷ್ಟಿಯನ್ನು ಕಾಳಿನೊಳಗೆ ಹೂತು ನೋಡಿ, ನಿಮ್ಮ ಕೈಗಿಂತ ತಣ್ಣಗಿದ್ದರೆ ಆಗ ತುಂಬಿ. ಡ್ರಮ್ಮಿಗೂ ಅವತ್ತೇ ಬಿಸಿಲು ತೋರಿಸಿ ಆರಿಸಿರಬೇಕು. ಬಾಯಿತನಕ ತುಂಬಿ, ಖಾಲಿ ಜಾಗ ಉಳಿದಷ್ಟೂ ಹುಳಕ್ಕೆ ಉಸಿರಾಡಲು ಗಾಳಿ ಉಳಿಯುತ್ತದೆ. ಅಕ್ಕಿಯನ್ನು ಮಾತ್ರ ಬಿರುಬಿಸಿಲಿಗೆ ಹಾಕಬೇಡಿ, ಬಿರುಕು ಬಿಟ್ಟು ನುಚ್ಚಾಗುತ್ತದೆ. ಅದಕ್ಕೆ ನೆರಳಿನ ಗಾಳಿಯೇ ಸಾಕು.

ಪುಡಿಯ ವಿಷಯ. ಬಿತ್ತನೆ ಬೀಜಕ್ಕೆ ಬೂದಿ ಕಲಸುವುದು, ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಹರಳೆಣ್ಣೆ ಸವರುವುದು, ಎಲ್ಲ ಒಳ್ಳೆಯದೇ. ಎಣ್ಣೆಯ ತೆಳು ಪದರ ಕಾಳಿನ ಮೇಲಿದ್ದರೆ ಮೊಟ್ಟೆ ಮರಿಯಾಗುವುದಿಲ್ಲ. ಬೇವಿನ ಎಲೆ ಹಾಕುವವರು ಹಸಿ ಎಲೆ ಹಾಕಬೇಡಿ, ದಯವಿಟ್ಟು. ಒಣಗಿಸಿದ ಕಾಳಿನ ಮೇಲೆ ಹಸಿ ಸೊಪ್ಪು ಹಾಕಿದರೆ ತೇವವನ್ನು ನೀವೇ ಒಳಗೆ ಬಿಟ್ಟಹಾಗೆ.

ಇನ್ನೊಂದನ್ನು ಮೆತ್ತಗೆ ಹೇಳಲು ನನಗೆ ಆಗುವುದಿಲ್ಲ. ಅಂಗಡಿಯಲ್ಲಿ "ಕಾಳಿನ ಮಾತ್ರೆ" ಅಂತ ಕೊಡುತ್ತಾರಲ್ಲ, ಅಲ್ಯೂಮಿನಿಯಂ ಫಾಸ್ಫೈಡ್, ಅದನ್ನು ವಾಸದ ಮನೆಯಲ್ಲಿ ಇಡಲೇಬಾರದು. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನ್ನುವ ವಿಷದ ಗಾಳಿ ಬಿಡುತ್ತದೆ. ಬಾಗಿಲು ಹಾಕಿ ಮಲಗಿದ ಮನೆಯಲ್ಲಿ ಮಕ್ಕಳು ಸತ್ತದ್ದಿದೆ. ತರಬೇತಿ ಆದವರು ಗೋದಾಮಿನಲ್ಲಿ ಬಳಸಬೇಕಾದದ್ದು ಅದು. "ಒಂದೇ ಮಾತ್ರೆ ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದೀನಿ" ಅಂತ ಯಾರಾದರೂ ಹೇಳಿದರೆ ನನಗೆ ಅವತ್ತು ನಿದ್ದೆ ಬರುವುದಿಲ್ಲ.

ಬೂಷ್ಟು ಬಂದ ಶೇಂಗಾ ಅಥವಾ ಜೋಳವನ್ನು ತೊಳೆದು, ಹುರಿದು ಬಳಸಬಹುದಾ ಅಂತ ಕೇಳುತ್ತಾರೆ. ಬೇಡ. ಕೆಲವು ಬೂಷ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತವೆ. ತೊಳೆದರೂ, ಹುರಿದರೂ, ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ, ಯಕೃತ್ತಿಗೆ ಕುತ್ತು. ಎಲ್ಲ ಬೂಷ್ಟಿನಲ್ಲೂ ಅದು ಇದ್ದೇ ಇರುತ್ತದೆ ಅಂತಲ್ಲ, ಆದರೆ ಕಣ್ಣಲ್ಲಿ ನೋಡಿ ತಿಳಿಯಲು ಬರುವುದಿಲ್ಲ. ಕೋಳಿಗೂ ಹಾಕಬೇಡಿ, ಹಸುವಿಗೂ ಹಾಕಬೇಡಿ. ಹಸು ತಿಂದರೆ ವಿಷ ಹಾಲಿಗೂ ಇಳಿಯುತ್ತದೆ. ಕಷ್ಟದ ಕಾಲದಲ್ಲಿ ಕಾಳು ಎಸೆಯುವುದು ಎಷ್ಟು ಸಂಕಟ ಅಂತ ನನಗೆ ಗೊತ್ತು. ಆದರೂ ಇದೊಂದು ವಿಷಯದಲ್ಲಿ ಕರುಳು ಗಟ್ಟಿ ಮಾಡಿಕೊಳ್ಳಿ.

ಪೇಟೆಯವರು ಇದೆಲ್ಲ ನಮಗಲ್ಲ ಅಂದುಕೊಳ್ಳುತ್ತಾರೆ. 2023ರ ಜುಲೈನಲ್ಲಿ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಅಮೆರಿಕದ ಇಂಡಿಯನ್ ಅಂಗಡಿಗಳಲ್ಲಿ ಸೋನಾ ಮಸೂರಿಗೆ ಜನ ಮುಗಿಬಿದ್ದದ್ದು ನಿಮಗೆ ನೆನಪಿರಬಹುದು. ಡಲ್ಲಾಸ್ ಕಡೆ ಇರುವ ನಮ್ಮೂರಿನ ಹುಡುಗಿ ಎಂಟು ಮೂಟೆ ತಂದು ಗ್ಯಾರೇಜಿನಲ್ಲಿ ಒಟ್ಟಿದ್ದಳು. ಅಕ್ಟೋಬರಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದಳು, ಮೂಟೆ ಹೊಲಿಗೆಯ ಸಾಲಿನಲ್ಲಿ ಸೊಂಡಿಲು ಹುಳ ಇರುವೆಯ ಹಾಗೆ ಹರಿಯುತ್ತಿದ್ದವು. ಆಕೆಗೆ ಫ್ರೀಜರ್ ಇದೆ. ಸ್ವಲ್ಪ ಸ್ವಲ್ಪವಾಗಿ ಒಂದು ವಾರ ಫ್ರೀಜರಿನಲ್ಲಿಟ್ಟರೆ ಹುಳ, ಮೊಟ್ಟೆ ಎರಡೂ ಸಾಯುತ್ತವೆ ಅಂತ ಹೇಳಿದೆ. ಹೇಳಿದ ಹಾಗೆ ಮಾಡಿದಳು, ಆದರೆ ಹೊರಗೆ ತೆಗೆದ ತಕ್ಷಣ ಚೀಲ ಬಿಚ್ಚಿ ಡಬ್ಬಿಗೆ ಸುರಿದಳು. ತಣ್ಣನೆ ಅಕ್ಕಿಯ ಮೇಲೆ ಅಡುಗೆಮನೆಯ ತೇವವೆಲ್ಲ ಕೂತು ಬಿಟ್ಟಿತು. ಫ್ರೀಜರಿನಿಂದ ತೆಗೆದದ್ದನ್ನು ಚೀಲ ಬಿಚ್ಚದೆ ಒಂದು ದಿನ ಹೊರಗೆ ಇಡಬೇಕು. ಬಿಸಿ ಇರಲಿ ತಣ್ಣಗಿರಲಿ, ಕಾಳು ಕೋಣೆಯಷ್ಟೇ ತಂಪಿಗೆ ಬಂದ ಮೇಲೆ ಮುಚ್ಚಳದ ಮಾತು. ಒದ್ದೆ ಪಾವು ಅಕ್ಕಿ ಡಬ್ಬಿಗೆ ಹಾಕುವುದು, ಡಬ್ಬಿಯನ್ನು ಒಲೆ ಪಕ್ಕ ಇಡುವುದು, ಮಳೆಗಾಲದಲ್ಲಿ ಸಿಮೆಂಟ್ ನೆಲದ ಮೇಲೆ ಹಲಗೆ ಇಲ್ಲದೆ ಇಡುವುದು, ಇವೂ ಇದೇ ಜಾತಿಯ ತಪ್ಪುಗಳು. ಮಲೆನಾಡು, ಕರಾವಳಿಯವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಎಷ್ಟು ಇಡಬೇಕು ಅನ್ನುವುದಕ್ಕೆ ನಾನು ಅಂಕಿ ಕೊಡಲು ಹಿಂಜರಿಯುತ್ತೇನೆ. ಒಂದು ತಿಂಗಳು ನಿಮ್ಮ ಮನೆಯಲ್ಲಿ ನಿಜವಾಗಿ ಎಷ್ಟು ಖರ್ಚಾಗುತ್ತದೆ ಅಂತ ಬರೆದಿಡಿ, ಅದರ ಮೂರರಷ್ಟು ಹೆಚ್ಚಿನ ಮನೆಗಳಿಗೆ ಸಾಕು. ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರ್ನಾಲ್ಕು ಕೆಜಿ ಬೇಳೆ ಅಂದರೆ 60 ಕೆಜಿ ತೊಗರಿ ಸುಮಾರು ಒಂದು ವರ್ಷಕ್ಕೇ ಆಗುತ್ತದೆ. ರಾಗಿಗೆ ಮಾತ್ರ ಈ ಲೆಕ್ಕ ಬೇಡ. ಕಾಳು ಸಣ್ಣದು, ಸಿಪ್ಪೆ ಗಟ್ಟಿ, ಹುಳಕ್ಕೆ ಒಳಗೆ ಜಾಗವೇ ಇಲ್ಲ. ಒಣಗಿದ್ದರೆ ವರ್ಷಗಟ್ಟಲೆ ಇರುತ್ತದೆ. ಆದರೆ ಹಿಟ್ಟು ಮಾಡಿಸಿ ಇಡಬೇಡಿ, ಬೇಗ ಮುಗ್ಗುತ್ತದೆ. ತಿಂಗಳಿಗೆ ಬೇಕಾದಷ್ಟೇ ಬೀಸಿಸಿ. ಉಪ್ಪು, ಬೆಲ್ಲ, ಎಣ್ಣೆ, ಬೆಂಕಿಪೊಟ್ಟಣ, ಮನೆಯ ಹಿರಿಯರ ಬಿಪಿ, ಶುಗರ್ ಮಾತ್ರೆ ಒಂದು ತಿಂಗಳಿಗೆ ಹೆಚ್ಚುವರಿ, ಇವೆಲ್ಲ ನಿಮಗೇ ಗೊತ್ತು. ಕೊಳ್ಳುವುದಿದ್ದರೆ ಸುಗ್ಗಿಯಲ್ಲಿ ಕೊಳ್ಳಿ, ಕಲಬುರಗಿಯ ಹೊಸ ತೊಗರಿ ಮಾರುಕಟ್ಟೆಗೆ ಬರುವ ಡಿಸೆಂಬರ್‌ನಿಂದ ಫೆಬ್ರುವರಿ ಒಳಗೆ. ಆಗ ಬಿಸಿಲೂ ಇರುತ್ತದೆ. ಬಡ್ಡಿಗೆ ಸಾಲ ಮಾಡಿ ದಾಸ್ತಾನು ಮಾಡಬೇಡಿ. ಹುಳಕ್ಕೆ ಹೋದ ಕಾಳಿಗೂ ಕಂತು ಕಟ್ಟಬೇಕಾಗುತ್ತದೆ. ಶಿರಾದ ಆ ತಾಯಿ ಈಗಲೂ ಕಟ್ಟುತ್ತಿದ್ದಾರೆ.

ಅವರ 60 ಕೆಜಿಯಲ್ಲಿ ನಾವು ಕೂತು ಜರಡಿ ಹಿಡಿದು, ಬೂಷ್ಟು ತಾಗಿದ ಮೇಲಿನ ಪದರವನ್ನು ಪೂರ್ತಿ ಎಸೆದು, ತಳದ್ದನ್ನು ಆರಿಸಿ ಉಳಿಸಿಕೊಂಡದ್ದು 22 ಕೆಜಿ. ಅದನ್ನು ಮತ್ತೆ ಒಣಗಿಸಿ ಬೇಳೆ ಮಾಡಿಸಿದರು. ಈ ವರ್ಷ ಅವರ ಹೊಲದ ಹೊಸ ತೊಗರಿ ಮನೆಗೆ ಬಂದಾಗ ಸಂಜೆ ನಾಲ್ಕಕ್ಕೆ ಫೋನು ಮಾಡಿದರು. ಉಪ್ಪು ಬಾಟಲಿಗೆ ಅಂಟುತ್ತಿಲ್ಲ, ಕಾಳು ಟಕ್ ಅನ್ನುತ್ತಿದೆ, ಆದರೆ ಗಂಡ ರಾತ್ರಿ ಬಸ್ಸಿಗೆ ಹೊರಡಬೇಕು, ಡ್ರಮ್ಮು ಎತ್ತಲು ಬೇರೆ ಯಾರೂ ಇಲ್ಲ, ಈಗಲೇ ತುಂಬಿಬಿಡಲಾ ಅಂತ ಕೇಳಿದರು. ಕೈ ಹೂತು ನೋಡಿ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. "ಇನ್ನೂ ಬೆಚ್ಚಗೈತೆ ಮೇಡಂ" ಅಂದರು. ಹಾಗಾದರೆ ಖಾಲಿ ಡ್ರಮ್ಮನ್ನೇ ಮೂಲೆಗೆ ಇಡಿಸಿಕೊಳ್ಳಿ, ಕಾಳನ್ನು ಬೆಳಗ್ಗೆ ನೀವೊಬ್ಬರೇ ಮೊರದಲ್ಲಿ ತುಂಬಬಹುದು ಅಂದೆ. ಹಾಗೇ ಮಾಡಿದರು.