ಕುರಿಗಳು ಮೇಯುತ್ತಿದ್ದ ಚಾವಣಿ

ಇಂಗ್ಲೆಂಡಿನ ಲೀಡ್ಸ್ ನಗರದ ಹೋಲ್ಬೆಕ್‌ನಲ್ಲಿ ಒಂದು ಗಿರಣಿಯ ಚಾವಣಿಯ ಮೇಲೆ ಕುರಿಗಳು ಮೇಯುತ್ತಿದ್ದವು. ಕೇಳಲು ಕಟ್ಟುಕಥೆಯಂತಿದ್ದರೂ ಅದರ ಹಿಂದೆ ಇದ್ದದ್ದು ನೂಲಿನ ಲೆಕ್ಕಾಚಾರ.

ಗಿರಣಿಯ ಮಾಲೀಕ ಜಾನ್ ಮಾರ್ಷಲ್ ಅಗಸೆ ನಾರಿನಿಂದ ಲಿನನ್ ನೂಲು ತೆಗೆಸುತ್ತಿದ್ದ. ಅಗಸೆ ಎಂದರೆ ನಮಗೆ ನೆನಪಾಗುವುದು ರೊಟ್ಟಿಯ ಜೊತೆಗಿನ ಚಟ್ನಿಪುಡಿ. ಅಲ್ಲಿ ಬೆಲೆಯಿದ್ದುದು ಅದರ ಕಾಂಡದ ನಾರಿಗೆ. ಗಾಳಿ ಒಣಗಿದರೆ ನೂಲುವಾಗ ಆ ನಾರಿನ ಎಳೆ ಕಡಿಯುತ್ತದೆ. ಹಾಗಾಗಿ 1838ರಿಂದ 1840ರ ನಡುವೆ ಕಟ್ಟಿದ ಟೆಂಪಲ್ ವರ್ಕ್ಸ್‌ನಲ್ಲಿ ಒಳಗಿನ ತೇವವನ್ನು ಕಾಯುವುದೇ ಮುಖ್ಯ ಚಿಂತೆಯಾಯಿತು.

ಬೇರೆ ಗಿರಣಿಗಳು ಅಂತಸ್ತಿನ ಮೇಲೆ ಅಂತಸ್ತು ಏರಿಸುತ್ತಿದ್ದಾಗ ಇದು ಸುಮಾರು 2 ಎಕರೆಯಷ್ಟು ನೆಲದ ಮೇಲೆ ಒಂದೇ ಹಜಾರವಾಗಿ ಹರಡಿಕೊಂಡಿತು. ಮೇಲೆ ಸಾಲುಸಾಲು ಇಟ್ಟಿಗೆ ಕಮಾನುಗಳು, ನೀರು ಸೋರದಂತೆ ಸುಣ್ಣ ಬೆರೆಸಿದ ಡಾಂಬರಿನ ಲೇಪ, ಅದರ ಮೇಲೆ ಮಣ್ಣು. ಮಣ್ಣು ಒಳಗಿನ ಬಿಸಿಯನ್ನೂ ತೇವವನ್ನೂ ಹಿಡಿದಿಟ್ಟಿತು, ಮಣ್ಣನ್ನು ಹುಲ್ಲಿನ ಬೇರು ಹಿಡಿದಿಟ್ಟಿತು. ಬೆಳೆದ ಹುಲ್ಲನ್ನು ಕುರಿಗಳು ಮೇಯ್ದವು. ಹುಲ್ಲಿನ ನಡುನಡುವೆ ಶಂಕುವಿನಂತೆ ಎದ್ದು ನಿಂತ 60ಕ್ಕೂ ಹೆಚ್ಚು ಗಾಜಿನ ಬೆಳಕಿಂಡಿಗಳಿದ್ದವು. ಕೆಳಗೆ ಚಾವಣಿಯನ್ನು ಹೊತ್ತ ಎರಕದ ಕಬ್ಬಿಣದ ಕಂಬಗಳು ಟೊಳ್ಳು. ಮಳೆಯ ನೀರು ಅವುಗಳೊಳಗಿಂದಲೇ ಇಳಿದು ಹೋಗುತ್ತಿತ್ತು. ಒಂದು ಕಂಬಕ್ಕೆ ಎರಡು ಕೆಲಸ. ನನ್ನ ಮಟ್ಟಿಗೆ ಈ ಕಟ್ಟಡದ ನಿಜವಾದ ಸೊಬಗು ಇಲ್ಲಿದೆ.

ನೋಡುಗರ ಕಣ್ಣು ಮೊದಲು ಹೋಗುವುದು ಮುಂಭಾಗಕ್ಕೆ. ಈಜಿಪ್ಟಿನಲ್ಲಿ ವರ್ಷಗಟ್ಟಲೆ ದೇಗುಲಗಳ ಚಿತ್ರ ಬರೆದಿದ್ದ ಜೋಸೆಫ್ ಬೊನೋಮಿ, ಎಡ್ಫು ಮತ್ತು ದೆಂದೆರಾದ ದೇಗುಲಗಳ ಮಾದರಿಯಲ್ಲಿ ಅದನ್ನು ರೂಪಿಸಿದ. ಈ ಆಯ್ಕೆ ಬರೀ ಶೋಕಿಯೆಂದು ನನಗೆ ಅನಿಸುವುದಿಲ್ಲ. ಮಮ್ಮಿಗಳಿಗೆ ಸುತ್ತಿದ್ದೂ ಲಿನನ್ ಬಟ್ಟೆಯೇ.

ಮಾರ್ಷಲ್ ಮನೆತನದ ಉದ್ಯಮ 1886ರಲ್ಲಿ ಮುಚ್ಚಿತು. ಮುಂದೆ ಕಟ್ಟಡ ಕೈಯಿಂದ ಕೈಗೆ ಹೋಯಿತು. ಬ್ರಿಟನ್ನಿನ ಸಂರಕ್ಷಿತ ಕಟ್ಟಡಗಳಲ್ಲಿ ಮೊದಲ ದರ್ಜೆಯ ಸ್ಥಾನ ಸಿಕ್ಕಿದರೂ ಶಿಥಿಲವಾಗುವುದು ನಿಲ್ಲಲಿಲ್ಲ. 2008ರಲ್ಲಿ ಮುಂಭಾಗದ ಒಂದು ಕಲ್ಲುಕಂಬ ಕುಸಿದು, ಅದರ ಮೇಲಿನ ಭಾಗ ಬೀದಿಗೆ ಬಿತ್ತು. 2017ರಲ್ಲಿ ಇಡೀ ಕಟ್ಟಡ ಮಾರಾಟವಾದದ್ದು 1 ಪೌಂಡಿಗೆ. ಕೊಂಡವರ ಹೆಗಲೇರುವ ದುರಸ್ತಿಯ ಹೊರೆ ಅಷ್ಟು ದೊಡ್ಡದಿತ್ತು.

ಬ್ರಿಟಿಷ್ ಲೈಬ್ರರಿ ಇಲ್ಲಿ ತನ್ನ ಉತ್ತರದ ನೆಲೆಯನ್ನು ತೆರೆಯುವ ಆಲೋಚನೆಯನ್ನು ಮುಂದಿಟ್ಟಿತು. ನೂಲಿಗಾಗಿ ತೇವವನ್ನು ಕಾದ ಹಜಾರವನ್ನು ಓದುಗರಿಗಾಗಿ ಸಿದ್ಧಪಡಿಸುವಾಗ ಮುಂಭಾಗದ ಕೆತ್ತನೆಯನ್ನಷ್ಟೇ ಉಳಿಸಿದರೆ ಸಾಲದು. ಆ ಟೊಳ್ಳು ಕಂಬಗಳೂ, ಅವು ಹೊತ್ತ ಕಮಾನುಗಳೂ ಉಳಿಯಬೇಕು.