ಉಬ್ಬರದ ಹೊತ್ತಿನಲ್ಲಿ ಚರಂಡಿಯ ನೀರು ಎಲ್ಲಿಗೆ ಹೋಗಬೇಕು?

ಆಷಾಢದ ಅಮಾವಾಸ್ಯೆಯಂದು ಜೋರು ಮಳೆಯಲ್ಲಿ ಕಾರವಾರದ ಮೋರಿಯೊಂದರ ಮೇಲೆ ನಿಂತಿದ್ದಾಗ, ಕಡಲಿನ ಕಡೆಗೆ ಹೋಗಬೇಕಾಗಿದ್ದ ತೆಂಗಿನ ಸಿಪ್ಪೆಯೊಂದು ನಿಧಾನವಾಗಿ ಪೇಟೆಯ ಕಡೆಗೆ ತೇಲಿಬರುವುದನ್ನು ಕಂಡೆ. ಅಮಾವಾಸ್ಯೆಯ ಮಳೆ ಊರು ಮುಳುಗಿಸದೆ ಬಿಡುವುದಿಲ್ಲವೆಂದು ಪಕ್ಕದಲ್ಲಿದ್ದವರು ಹೇಳಿದರು. ಅಮಾವಾಸ್ಯೆಗೂ ಮುಳುಗಡೆಗೂ ನಂಟಿರುವುದು ನಿಜ, ಆದರೆ ಅದು ಮಳೆಯಿಂದ ಬಂದ ನಂಟಲ್ಲ, ಕಡಲಿನಿಂದ ಬಂದದ್ದು. ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನಮ್ಮ ಕರಾವಳಿಯ ಉಬ್ಬರ ಇಳಿತಗಳ ಅಂತರ ಸುಮಾರು 2 ಮೀಟರ್ ಮುಟ್ಟುತ್ತದೆ. ಚರಂಡಿಯೊಳಗಿನ ನೀರು ಉಬ್ಬರದ ಮಟ್ಟಕ್ಕಿಂತ ಕೆಳಗಿದ್ದರೆ ಅದಕ್ಕೆ ದಾರಿಯೇ ಇರುವುದಿಲ್ಲ.

ಆದ್ದರಿಂದ ಪ್ರತಿ ಮಳೆಗಾಲದಲ್ಲೂ ಕೇಳಿಬರುವ 'ಚರಂಡಿ ಅಗಲ ಮಾಡಿ' ಎಂಬ ಒತ್ತಾಯವೊಂದೇ ಸಾಲದು. ನೀರನ್ನು ಮುಂದಕ್ಕೆ ನೂಕುವುದು ಎರಡು ತುದಿಗಳ ನಡುವಿನ ಮಟ್ಟದ ವ್ಯತ್ಯಾಸ. ಗಾರೆ ಮೇಸ್ತ್ರಿಗಳು ಗೋಡೆಯ ಮಟ್ಟ ನೋಡಲು ಹಿಡಿಯುವ ಪಾರದರ್ಶಕ ಪೈಪಿನಲ್ಲಿ, ಎರಡೂ ಕಡೆಯ ನೀರು ಸಮವಾದ ಕೂಡಲೇ ಹರಿವು ನಿಲ್ಲುತ್ತದೆ, ಪೈಪು ಎಷ್ಟೇ ದಪ್ಪವಿರಲಿ. ಕಡಲಿನ ಮಟ್ಟವೇ ಮೇಲಾದಾಗ ಅಗಲವಾದ ಚರಂಡಿ ಉಪ್ಪುನೀರಿಗೆ ಅಗಲವಾದ ದಾರಿಯಾಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿ.ಮೀ. ಮಳೆ ಸುರಿದಾಗ ಮುಂಬಯಿಯನ್ನು ಕಾಡಿದ್ದೂ ಮಳೆಯ ಜೊತೆ ಕೂಡಿಬಂದ ಇದೇ ಉಬ್ಬರ.

ಇದಕ್ಕೆ ಮೊದಲ ಉಪಾಯ ಚರಂಡಿಯ ಬಾಯಿಗೆ ಮೇಲ್ಗಡೆ ತಿರುಗಣೆಯಿರುವ ಬಾಗಿಲು ಕೂರಿಸುವುದು. ಒಳಗಿನ ನೀರು ಎತ್ತರವಾದಾಗ ಅದು ತಾನಾಗಿ ತೆರೆದುಕೊಳ್ಳುತ್ತದೆ, ಕಡಲು ಏರಿದಾಗ ಕಡಲಿನ ಒತ್ತಡದಿಂದಲೇ ಮುಚ್ಚಿಕೊಳ್ಳುತ್ತದೆ. ಹೃದಯದ ಕವಾಟವೂ ರಕ್ತವನ್ನು ಹಿಂದಕ್ಕೆ ಬಿಡದಿರುವುದು ಹೀಗೆಯೇ. ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ಕುಮಟಾದ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ರೈತರಿಗೆ ಒಡ್ಡು ಕಟ್ಟಿ, ಬಾಗಿಲಿಟ್ಟು ಕಡಲಿನ ನೀರನ್ನು ಆಳುವ ಈ ವಿದ್ಯೆ ಹೊಸದೇನಲ್ಲ, ಮತ್ತು ನಗರದ ಚರಂಡಿಗೆ ನಕ್ಷೆ ಬರೆಯುವವರು ಆ ಗಜನಿಯ ಏರಿಯ ಮೇಲೊಮ್ಮೆ ನಡೆದು ಬರಬೇಕೆಂಬುದು ನನ್ನ ಆಸೆ.

ಆದರೆ ಬಾಗಿಲು ಮುಚ್ಚಿರುವಾಗಲೂ ಮಳೆ ನಿಲ್ಲುವುದಿಲ್ಲ. ಒಂದು ಹೆಕ್ಟೇರಿನ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಅದು 5 ಲಕ್ಷ ಲೀಟರ್ ನೀರು. ನೆಲವೆಲ್ಲ ಕಾಂಕ್ರೀಟಾಗಿದ್ದರೆ ಹೆಚ್ಚುಕಡಿಮೆ ಅಷ್ಟೂ ಚರಂಡಿಗೇ ಬರುತ್ತದೆ. ಅದನ್ನು ಹಿಡಿದಿಡಲು ಒಂದು ಮೀಟರ್ ಆಳದ, ಸುಮಾರು 5 ಗುಂಟೆಯ ಹೊಂಡ ಬೇಕು. ಮಣ್ಣು ತುಂಬಿ ನಿವೇಶನ ಮಾಡುತ್ತಿರುವ ತಗ್ಗು ಗದ್ದೆಗಳು ಈವರೆಗೆ ಈ ಕೆಲಸವನ್ನೇ ಮಾಡುತ್ತಿದ್ದವು. ಉಬ್ಬರದ ತುದಿಯಿಂದ ಇಳಿತದ ತಳಕ್ಕೆ ಸುಮಾರು 6 ಗಂಟೆ 12 ನಿಮಿಷ; ಹೊಂಡದಲ್ಲಿ ಕಾದು ನಿಂತ ನೀರು, ಕಡಲು ತನಗಿಂತ ಕೆಳಗಿಳಿದ ಗಳಿಗೆಯಲ್ಲಿ, ಪಂಪಿನ ಹಂಗಿಲ್ಲದೆ ಬಾಗಿಲು ತಳ್ಳಿಕೊಂಡು ಹೊರಡುತ್ತದೆ.