ಆರೇ ಕೈಗಳ ಆಕ್ಟೋಪಸ್

‘ಇಟ್ ಕೇಮ್ ಫ್ರಮ್ ಬಿನೀತ್ ದ ಸೀ’ (1955) ಚಿತ್ರದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯನ್ನು ಮುರಿಯುವ ದೈತ್ಯ ಆಕ್ಟೋಪಸ್‌ಗೆ ಇರುವುದು ಆರೇ ಕೈ. ಗೊಂಬೆಯನ್ನು ಆಡಿಸಿದ ರೇ ಹ್ಯಾರಿಹೌಸನ್ ಎರಡು ಕೈಗಳನ್ನು ಬಿಟ್ಟದ್ದು ಬಜೆಟ್ಟಿನ ಕಾರಣಕ್ಕೆ. ಗೊಂಬೆಯನ್ನು ಚೂರುಚೂರೇ ಸರಿಸಿ ಒಂದೊಂದೇ ಚಿತ್ರ ತೆಗೆಯುವ ಸ್ಟಾಪ್ ಮೋಷನ್‌ನಲ್ಲಿ ಪರದೆಯ ಒಂದು ಸೆಕೆಂಡಿಗೆ 24 ಫ್ರೇಮ್ ಬೇಕು. ಒಂದೊಂದು ಫ್ರೇಮಿಗೂ ಒಂದೊಂದು ಕೈಯನ್ನು ಒಂದಿಷ್ಟೇ ಸರಿಸಿದರೂ, ಹತ್ತು ಸೆಕೆಂಡಿನ ದೃಶ್ಯಕ್ಕೆ ಎಂಟು ಕೈಗಳನ್ನು 1,920 ಸಲ ಮುಟ್ಟಬೇಕು. ಆರಾದರೆ 1,440 ಸಲ ಸಾಕು. ಉಳಿದ ಎರಡು ನೀರೊಳಗಿವೆ ಎಂದು ನೋಡುವವರು ತಾವೇ ಅಂದುಕೊಳ್ಳುತ್ತಾರೆ.

ಅಗ್ಗದ ರಾಕ್ಷಸ ಸಿನಿಮಾಗಳ ಸೊಗಸೆಲ್ಲ ಇಂಥ ಲೆಕ್ಕಾಚಾರದಲ್ಲಿದೆ. ಲೆಕ್ಕ ಶುರುವಾದದ್ದು ಕೋರ್ಟಿನಲ್ಲಿ. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ಯಾರಾಮೌಂಟ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ಫಲವಾಗಿ ದೊಡ್ಡ ಸ್ಟುಡಿಯೋಗಳು ತಮ್ಮ ಥಿಯೇಟರುಗಳನ್ನು ಬಿಟ್ಟುಕೊಡಬೇಕಾಯಿತು. ಸ್ವಂತ ಥಿಯೇಟರ್ ತುಂಬಿಸಲು ವರ್ಷಪೂರ್ತಿ ಸಣ್ಣ ಚಿತ್ರ ಮಾಡುವ ಅಗತ್ಯ ಅವರಿಗೆ ಉಳಿಯಲಿಲ್ಲ. ಆದರೆ ಥಿಯೇಟರಿನವರಿಗೂ, ಕಾರಿನಲ್ಲೇ ಕೂತು ನೋಡುವ ಬಯಲು ಥಿಯೇಟರುಗಳಾದ ಡ್ರೈವ್-ಇನ್‌ನವರಿಗೂ ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ ಬೇಕೇ ಬೇಕಿತ್ತು. ಎರಡನೆಯ ಚಿತ್ರಕ್ಕೆ ಸಾಮಾನ್ಯವಾಗಿ ಕಲೆಕ್ಷನ್ನಿನಲ್ಲಿ ಪಾಲಿಲ್ಲ, ನಿಗದಿತ ಬಾಡಿಗೆ ಮಾತ್ರ. ಎಷ್ಟು ಬರುತ್ತದೆಂದು ಮೊದಲೇ ಗೊತ್ತಿರುವಾಗ ಲಾಭಕ್ಕೆ ಉಳಿಯುವುದು ಒಂದೇ ದಾರಿ: ಖರ್ಚನ್ನು ಅದಕ್ಕಿಂತ ಕೆಳಗಿಡುವುದು.

ವಸ್ತು ಹುಡುಕುವ ಕಷ್ಟವನ್ನು 1952ರಲ್ಲಿ ಮತ್ತೆ ಬಿಡುಗಡೆಯಾಗಿ ಗೆದ್ದ ‘ಕಿಂಗ್ ಕಾಂಗ್’ ತಪ್ಪಿಸಿತು. ಮರುವರ್ಷ ‘ದ ಬೀಸ್ಟ್ ಫ್ರಮ್ 20,000 ಫ್ಯಾದಮ್ಸ್’, 1954ರಲ್ಲಿ ಜಪಾನಿನಿಂದ ‘ಗಾಡ್ಜಿಲ್ಲಾ’. 1954ರಲ್ಲೇ ಹುಟ್ಟಿ, ಮುಂದೆ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಎಂದು ಹೆಸರಾದ ಕಂಪನಿ ಕೆಲಸದ ಕ್ರಮವನ್ನೇ ತಿರುಗಿಸಿತು. ಮೊದಲು ಹೆಸರು, ಆಮೇಲೆ ಪೋಸ್ಟರು, ಅದಕ್ಕೆ ಥಿಯೇಟರಿನವರು ತಲೆಯಾಡಿಸಿದರೆ ಕಥೆ. ಪೋಸ್ಟರಿನಲ್ಲಿ ಊರನ್ನೇ ನುಂಗುತ್ತಿದ್ದ ಪ್ರಾಣಿ ಪರದೆಯ ಮೇಲೆ ಪೊದೆಯ ಹಿಂದಿನಿಂದ ಕುಂಟಿಕೊಂಡು ಬರುತ್ತಿದ್ದುದು ಹೀಗಾಗಿ.

ಅಗ್ಗದ ರಾಕ್ಷಸ ಸಿಕ್ಕಿಬೀಳುವ ಜಾಗಗಳೂ ಹೆಚ್ಚುಕಡಿಮೆ ಗೊತ್ತಿರುವಂಥವೇ. ರಬ್ಬರ್ ಸೂಟು ಮಾಡುವಾಗ ಮಣ್ಣಿನಲ್ಲಿ ಆಕಾರ ಕೆತ್ತಿ, ಪ್ಲಾಸ್ಟರ್ ಅಚ್ಚು ತೆಗೆದು, ಅದರೊಳಗೆ ಲೇಟೆಕ್ಸ್ ಅನ್ನು, ಅಂದರೆ ದ್ರವ ರಬ್ಬರನ್ನು, ಪದರಪದರವಾಗಿ ಬಳಿಯುತ್ತಾರೆ. ಅವಸರಕ್ಕೆ ದಪ್ಪ ಬಳಿದರೆ ಒಳಗೆ ಒಣಗುವುದಿಲ್ಲ. ತೆಳ್ಳಗೆ ಬಳಿದರೆ ಮೊಣಕಾಲು, ಕಂಕುಳಲ್ಲಿ ಮಡಿಕೆ ಬಿದ್ದು ಒಳಗಿರುವ ಮನುಷ್ಯನ ಕೀಲುಗಳೆಲ್ಲ ಹೊರಗೆ ಕಾಣುತ್ತವೆ. ಜಿಪ್ ಬೆನ್ನಿಗಿರುವುದರಿಂದ ರಾಕ್ಷಸ ಕ್ಯಾಮೆರಾಗೆ ಬೆನ್ನು ಹಾಕುವಂತಿಲ್ಲ. ‘ರೋಬೋಟ್ ಮಾನ್‌ಸ್ಟರ್’ (1953) ಮಾಡಿದವರಿಗೆ ಇದಕ್ಕೂ ದುಡ್ಡಿರಲಿಲ್ಲ. ಗೊರಿಲ್ಲಾ ಸೂಟು ಇಟ್ಟುಕೊಂಡಿದ್ದ ನಟನನ್ನೇ ಕರೆದು, ತಲೆಗೆ ಮುಳುಗುಗಾರರ ಹೆಲ್ಮೆಟ್ಟಿನಂಥದ್ದೊಂದನ್ನು ಹಾಕಿ, ಅನ್ಯಗ್ರಹದವನೆಂದುಬಿಟ್ಟರು. ಆ ಚಿತ್ರದಲ್ಲಿ ಬಳಸಿದ ಗುಳ್ಳೆ ಹಾರಿಸುವ ಯಂತ್ರಕ್ಕೆ ಟೈಟಲ್ ಕಾರ್ಡಿನಲ್ಲಿ ಹೆಸರು ಸಿಕ್ಕಿದ್ದು ಬೇರೆ ಮಾತು.

ಇನ್ನೊಂದು ತೊಡಕು ವೇಗದ್ದು. 1:25 ಅಳತೆಯ ಪುಟ್ಟ ಕಟ್ಟಡ ಬೀಳುವುದು ನಿಜದ ಕಟ್ಟಡ ಬಿದ್ದಂತೆ ಕಾಣಬೇಕಾದರೆ 25ರ ವರ್ಗಮೂಲದಷ್ಟು, ಅಂದರೆ ಐದು ಪಟ್ಟು ವೇಗದಲ್ಲಿ ಕ್ಯಾಮೆರಾ ಓಡಬೇಕು: ಸೆಕೆಂಡಿಗೆ 120 ಫ್ರೇಮ್. ಆಗ ಫಿಲ್ಮೂ ಐದು ಪಟ್ಟು ಸುಡುತ್ತದೆ, ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು ಕಡಿಮೆಯಾಗುವುದರಿಂದ ಲೈಟೂ ಐದು ಪಟ್ಟು ಬೇಕು. ಕೈಯಲ್ಲಿ ಕಾಸಿಲ್ಲದವರು 24ರಲ್ಲೇ ತೆಗೆದು, ಗೋಪುರ ಬೀಳುವಾಗ ರಟ್ಟಿನ ಡಬ್ಬ ಉರುಳಿಸಿದಂತೆ ಮಾಡಿದರು. ನೀರಿಗಂತೂ ಯಾವ ಉಪಾಯವೂ ಪೂರ್ತಿ ನಡೆಯದು. ಹನಿಯ ಗಾತ್ರ ಅಳತೆಗೆ ತಕ್ಕಂತೆ ಕುಗ್ಗುವುದಿಲ್ಲವಲ್ಲ. ಆಟಿಕೆ ಹಡಗಿನ ಪಕ್ಕ ಚಿಮ್ಮಿದ ಒಂದು ಹನಿ ಕಂಡರೆ, ಅದು ಸಮುದ್ರವಲ್ಲ, ತೊಟ್ಟಿ ಎಂಬ ಗುಟ್ಟು ರಟ್ಟಾಗುತ್ತದೆ.

ನನ್ನ ಮಟ್ಟಿಗೆ ಈ ಪರಂಪರೆಯ ಅತ್ಯುತ್ತಮ ಎಡವಟ್ಟು ‘ಬಿಗಿನಿಂಗ್ ಆಫ್ ದಿ ಎಂಡ್’ (1957) ಚಿತ್ರದ್ದು. ಶಿಕಾಗೋ ನಗರಕ್ಕೆ ನುಗ್ಗುವ ದೈತ್ಯ ಮಿಡತೆಗಳಿಗಾಗಿ ನಿರ್ದೇಶಕ ಬರ್ಟ್ ಐ. ಗಾರ್ಡನ್ ನಿಜವಾದ ಮಿಡತೆಗಳನ್ನು ಹಿಡಿದು, ಕಟ್ಟಡಗಳ ದೊಡ್ಡ ಫೋಟೋಗಳ ಮೇಲೆ ಹತ್ತಲು ಬಿಟ್ಟರು. ಉಪಾಯ ಕೆಟ್ಟದ್ದೇನಲ್ಲ. ಆದರೆ ಕಟ್ಟಡದ ಅಂಚು ಎಲ್ಲಿ ಮುಗಿಯುತ್ತದೆಂದು ಮಿಡತೆಗೆ ಹೇಳುವವರು ಯಾರು? ಅದು ಗೋಡೆ ದಾಟಿ ಆಕಾಶದ ಮೇಲೂ ಕಾಲಿಟ್ಟಿತು.

ನಗು ಬರುವುದು ನಿಜ, ಆದರೆ ಕುಹಕದ ನಗುವಲ್ಲ. ‘ದ ಜೈಂಟ್ ಕ್ಲಾ’ (1957) ನೋಡಿ. ಸಿಟ್ಟಾದ ಕೋಳಿಯಂಥ ಬಾಹ್ಯಾಕಾಶದ ಹಕ್ಕಿಯನ್ನು ನೋಡಿ ಅದರಲ್ಲಿ ನಟರು ನಿಜವಾಗಿಯೂ ಗಾಬರಿಯಾಗುತ್ತಾರೆ. ಚಿತ್ರೀಕರಣದ ಹೊತ್ತಿಗೆ ಆ ಗೊಂಬೆಯನ್ನು ತಾವು ನೋಡಿಯೇ ಇರಲಿಲ್ಲವೆಂದು ನಾಯಕ ಜೆಫ್ ಮಾರೋ ಆಮೇಲೆ ಹೇಳಿಕೊಂಡಿದ್ದಾರೆ. ಮುಖದ ಗಾಂಭೀರ್ಯಕ್ಕೂ ಗೊಂಬೆಯ ಅವತಾರಕ್ಕೂ ನಡುವಿನ ಆ ಅಂತರವನ್ನು ಬರೆದು ಹುಟ್ಟಿಸಲಾಗದು. ಅಮೆರಿಕದ ಲೇಖಕಿ ಸೂಸನ್ ಸಾಂಟಾಗ್ 1964ರಲ್ಲೇ ಈ ಗೆರೆ ಎಳೆದರು: ತಿಳಿಯದೆ ಹುಟ್ಟಿದ ಅತಿರೇಕ ಬೇರೆ, ಬೇಕೆಂದೇ ಮಾಡಿದ್ದು ಬೇರೆ, ಮೊದಲನೆಯದರಲ್ಲೇ ರುಚಿ ಹೆಚ್ಚು.

ಡ್ರೈವ್-ಇನ್ ಕಾಲ ಮುಗಿದ ಮೇಲೂ ಇವು ಬದುಕಿದ್ದು ಟಿವಿಯಿಂದ. 1957ರಲ್ಲಿ ಸ್ಕ್ರೀನ್ ಜೆಮ್ಸ್ ಎಂಬ ಟಿವಿ ಕಂಪನಿ ಯೂನಿವರ್ಸಲ್ ಸ್ಟುಡಿಯೋದ 52 ಹಳೆಯ ಚಿತ್ರಗಳನ್ನು ಕಟ್ಟುಕಟ್ಟಾಗಿ ಚಾನೆಲ್ಲುಗಳಿಗೆ ಕೊಟ್ಟಿತು. ತಡರಾತ್ರಿ ಅವನ್ನು ತಮಾಷೆ ಮಾಡುತ್ತ ತೋರಿಸುವ ನಿರೂಪಕರ ದಂಡೇ ಬಂತು. 1988ರ ನವೆಂಬರಿನಲ್ಲಿ ಮಿನಿಯಾಪೊಲಿಸ್‌ನ ಸಣ್ಣ ಚಾನೆಲ್ಲಿನಲ್ಲಿ ‘ಮಿಸ್ಟರಿ ಸೈನ್ಸ್ ಥಿಯೇಟರ್ 3000’ ಶುರುವಾದಾಗ ಸಿನಿಮಾ ಓಡುತ್ತಿರುವಂತೆಯೇ ಟೀಕೆ ಮಾಡುವುದು ಕಲೆಯಾಯಿತು. ಅದು ಕೂಡಿಬಂದದ್ದಕ್ಕೂ ದುಡ್ಡೇ ಕಾರಣ. ರಾಕ್ಷಸ ದುಬಾರಿ, ಮಾತು ಅಗ್ಗ. ಹಾಗಾಗಿ ಎಪ್ಪತ್ತು ನಿಮಿಷದ ಚಿತ್ರದಲ್ಲಿ ಬಹುಪಾಲು ಇಬ್ಬರು ವಿಜ್ಞಾನಿಗಳು ಒಂದು ಕೋಣೆಯಲ್ಲಿ ನಿಂತು ಮಾತಾಡುವುದೇ. ಒಬ್ಬರೇ ಕೂತು ನೋಡಿದರೆ ಆಕಳಿಕೆ ಬರುತ್ತದೆ. ನಾಲ್ಕು ಜನ ಸೇರಿದರೆ ಆ ಖಾಲಿ ಜಾಗ ಅವರದಾಗುತ್ತದೆ.

2013ರ ‘ಶಾರ್ಕ್‌ನೇಡೋ’ ನಂತರ ಬೇಕೆಂದೇ ಕೆಟ್ಟದಾಗಿ ಮಾಡುವ ಚಿತ್ರಗಳ ಸಾಲೇ ಬಂತು. ಅವು ಒಂದು ಟ್ರೇಲರಿನಷ್ಟು ಹೊತ್ತು ನಗಿಸುತ್ತವೆ. ಕಂಪ್ಯೂಟರಿನ ಶಾರ್ಕಿಗೆ ನೆಲದ ಮೇಲೆ ನೆರಳು ಸರಿಯಾಗಿ ಬಿದ್ದಿರುವುದಿಲ್ಲ, ನಟರ ಕಣ್ಣು ಒಂದು ಕಡೆ, ಶಾರ್ಕ್ ಇನ್ನೊಂದು ಕಡೆ. ಈ ತಪ್ಪಿಗೂ ಮಿಡತೆಯ ತಪ್ಪಿಗೂ ವ್ಯತ್ಯಾಸವಿದೆ: ಗಾರ್ಡನ್ ಮುಚ್ಚಿಡಲು ನೋಡಿ ಸೋತರು, ಇವರು ಮುಚ್ಚಿಡಲು ನೋಡಿಯೇ ಇಲ್ಲ.